ಸದಾಶಿವನಗರದ ಸದಾಶಿವ ಯಾರು?

ಮೆಟ್ರೋದಲ್ಲಿ ಕಂಬ ಹಿಡ್ಕೊಂಡು ನಿಂತಿದ್ದೀರೋ, ಬಿಎಂಟಿಸಿ ಬಸ್ಸಲ್ಲಿ ಕಿಟಕಿ ಪಕ್ಕದ ಸೀಟ್ ಸಿಕ್ಕಿದೆಯೋ, ಇಲ್ಲಾ ರಾತ್ರಿ ಪಾತ್ರೆ ತೊಳೀತಾ ಫೋನನ್ನ ಅಡುಗೆಕಟ್ಟೆ ಮೇಲೆ ಇಟ್ಕೊಂಡು ಕೇಳ್ತಿದ್ದೀರೋ ಗೊತ್ತಿಲ್ಲ. ಎಲ್ಲೇ ಇದ್ರೂ ಒಂದು ಇಪ್ಪತ್ತು ನಿಮಿಷ ನನ್ನ ಜೊತೆ ಬನ್ನಿ. ಇವತ್ತು ಬೆಂಗಳೂರಿನ ಒಂದು ದುಬಾರಿ ಏರಿಯಾಕ್ಕೆ ಹೋಗೋಣ. ಸದಾಶಿವನಗರ. ಪಿನ್ ಕೋಡ್ 560080.

ಈ ಹೆಸರು ನೀವು ಕೇಳೇ ಇರ್ತೀರಿ. ಟಿವಿಯಲ್ಲಿ, ಪೇಪರಲ್ಲಿ ಒಂದು ಸಾಲು ವರ್ಷಪೂರ್ತಿ ಬರ್ತಾನೇ ಇರುತ್ತೆ: 'ಸದಾಶಿವನಗರದ ನಿವಾಸದಲ್ಲಿ ಸುದ್ದಿಗಾರರೊಂದಿಗೆ ಮಾತನಾಡಿದ ಅವರು...' ಆ 'ಅವರು' ಒಮ್ಮೆ ಒಂದು ಪಕ್ಷದವರು, ಇನ್ನೊಮ್ಮೆ ಇನ್ನೊಂದು ಪಕ್ಷದವರು. ನಿವಾಸ ಮಾತ್ರ ಸದಾಶಿವನಗರದ್ದೇ. ಚುನಾವಣೆ ಬಂದ್ರೆ, ಸರ್ಕಾರ ಅಲ್ಲಾಡಿದ್ರೆ, ಓಬಿ ವ್ಯಾನ್‌ಗಳು ಮೊದಲು ಬಂದು ನಿಲ್ಲೋ ಬೀದಿಗಳಲ್ಲಿ ಇಲ್ಲಿನವೂ ಇರ್ತವೆ. ಸಿನಿಮಾ ಮಂದಿಯ ಮನೆಗಳು, ಉದ್ಯಮಿಗಳ ಮನೆಗಳು, ಎತ್ತರದ ಕಾಂಪೌಂಡು, ಕಾಂಪೌಂಡಿಗಿಂತ ಎತ್ತರದ ಗೇಟು, ಗೇಟಿನ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿ ಮೇಲೆ ಒಬ್ಬ ಸೆಕ್ಯುರಿಟಿ. ಡೆಲಿವರಿ ಕೆಲಸ ಮಾಡೋ ಗೆಳೆಯರಿಗೆ ಈ ಚಿತ್ರ ಚೆನ್ನಾಗಿ ಗೊತ್ತಿರುತ್ತೆ.

ಈಗ ಒಂದು ಪ್ರಶ್ನೆ. ಸದಾಶಿವನಗರದ ಸದಾಶಿವ ಯಾರು?

ಬಹಳ ಜನ 'ಶಿವ ತಾನೇ, ದೇವರ ಹೆಸರು' ಅಂತಾರೆ. ಕೆಲವರು ಯಾರೋ ಜಮೀನ್ದಾರರು ಇರಬೇಕು, ಅವರ ಜಾಗ ಇರಬೇಕು ಅಂದ್ಕೊಳ್ತಾರೆ. ಎರಡೂ ಅಲ್ಲ. ಇಷ್ಟು ಬೆಲೆಬಾಳೋ ಏರಿಯಾಕ್ಕೆ ಹೆಸರು ಕೊಟ್ಟ ಮನುಷ್ಯ ಸಾಯೋ ಹೊತ್ತಿಗೆ ಅವರ ಕೈಯಲ್ಲಿ ಏನೂ ಉಳಿದಿರಲಿಲ್ಲ. ಹುಟ್ಟಿನಿಂದ ಬಡವರಲ್ಲ, ವ್ಯಾಪಾರದಲ್ಲಿ ಮುಳುಗಿದವರೂ ಅಲ್ಲ. ಇದ್ದದ್ದನ್ನೆಲ್ಲ ಕೊಟ್ಟು ಬರಿಗೈ ಆದವರು. ಅವರ ಕಥೆಗೆ ಬರ್ತೀನಿ. ಅದಕ್ಕಿಂತ ಮೊದಲು ಈ ನೆಲದ ಕಥೆ ಸ್ವಲ್ಪ ಕೇಳಬೇಕು.

ಮ್ಯಾಪ್ ಕಣ್ಣ ಮುಂದೆ ತಂದ್ಕೊಳ್ಳಿ. ಪಶ್ಚಿಮಕ್ಕೆ ಮಲ್ಲೇಶ್ವರ. ದಕ್ಷಿಣಕ್ಕೆ ವೈಯಾಲಿಕಾವಲ್, ಪ್ಯಾಲೇಸ್ ಗುಟ್ಟಹಳ್ಳಿ. ಪೂರ್ವಕ್ಕೆ ಏರ್‌ಪೋರ್ಟ್ ಕಡೆ ಓಡೋ ಬಳ್ಳಾರಿ ರಸ್ತೆ, ಅದರಾಚೆ ಅರಮನೆ ಮೈದಾನ. ಉತ್ತರಕ್ಕೆ ಮೇಖ್ರಿ ಸರ್ಕಲ್. ಅಲ್ಲಿಂದ ಎಡಕ್ಕೆ ಹೋದ್ರೆ ಭಾರತೀಯ ವಿಜ್ಞಾನ ಸಂಸ್ಥೆ, ನಮ್ಮ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್. ಇಷ್ಟರ ನಡುವೆ ಸದಾಶಿವನಗರ. ಒಂದು ಮೂಲೆಯಲ್ಲಿ ಸ್ಯಾಂಕಿ ಕೆರೆ.

ಹಳೇ ಮಂದಿ ಇವತ್ತಿಗೂ ವಿಳಾಸ ಹೇಳುವಾಗ 'ಅಪ್ಪರ್ ಪ್ಯಾಲೇಸ್ ಆರ್ಚರ್ಡ್ಸ್', 'ಲೋವರ್ ಪ್ಯಾಲೇಸ್ ಆರ್ಚರ್ಡ್ಸ್' ಅಂತಾರೆ. ಆರ್ಚರ್ಡ್ ಅಂದ್ರೆ ಹಣ್ಣಿನ ತೋಟ. ಅರಮನೆಯ ತೋಟ. ಈ ಏರಿಯಾದ ಮೊದಲ ಹೆಸರೇ ಅದು.

ಯಾವ ಅರಮನೆ? ಈಗ ಟಿಕೆಟ್ ತಗೊಂಡು ನೋಡೋಕೆ ಹೋಗ್ತೀವಲ್ಲ, ಬಳ್ಳಿ ಹಬ್ಬಿದ ಗೋಡೆಗಳ ಬೆಂಗಳೂರು ಅರಮನೆ, ಅದೇ. ಅದರ ಪಕ್ಕದ ಮೈದಾನದಲ್ಲೇ ಕನ್ಸರ್ಟುಗಳು, ಮದುವೆಗಳು, ಎಕ್ಸ್‌ಪೋಗಳು ನಡೆಯೋದು. ಆ ಕಟ್ಟಡ ಮೊದಲು ರಾಜರದ್ದಾಗಿರಲಿಲ್ಲ. ಸೆಂಟ್ರಲ್ ಹೈಸ್ಕೂಲ್, ಅಂದ್ರೆ ಮುಂದೆ ಸೆಂಟ್ರಲ್ ಕಾಲೇಜ್ ಆದ ಶಾಲೆ, ಅದರ ಮೊದಲ ಪ್ರಿನ್ಸಿಪಾಲ್ ರೆವರೆಂಡ್ ಗ್ಯಾರೆಟ್ ಅವರ ಆಸ್ತಿ ಅದು. 1873ರಲ್ಲಿ ಅದನ್ನ 40 ಸಾವಿರ ರೂಪಾಯಿಗೆ ಖರೀದಿ ಮಾಡಿದ್ರು. ಯಾರಿಗಾಗಿ? ಹತ್ತು ವರ್ಷದ ಒಬ್ಬ ಹುಡುಗನಿಗಾಗಿ. ಚಾಮರಾಜೇಂದ್ರ ಒಡೆಯರ್.

ಆಗ ಮೈಸೂರು ಸಂಸ್ಥಾನದ ಆಡಳಿತ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು. ಹುಡುಗ ದೊಡ್ಡವನಾದ ಮೇಲೆ ರಾಜ್ಯ ವಾಪಸ್ ಕೊಡ್ತೀವಿ ಅಂತ ಮಾತಾಗಿತ್ತು. ಅಲ್ಲಿವರೆಗೆ ಅವನಿಗೆ ಪಾಠ, ಇಂಗ್ಲಿಷ್, ಆಡಳಿತದ ತರಬೇತಿ ಎಲ್ಲ ಆಗಬೇಕಲ್ಲ, ಅದಕ್ಕೆ ಬೆಂಗಳೂರಲ್ಲೊಂದು ಮನೆ ಬೇಕಿತ್ತು. ಹಾಗಾಗಿ ಅರಮನೆ ಬಂತು. ಅರಮನೆ ಅಂದ್ಮೇಲೆ ಸುತ್ತ ಜಾಗ, ಕುದುರೆಗೆ ಜಾಗ, ತೋಟಕ್ಕೆ ಜಾಗ. 1881ರಲ್ಲಿ ಮಾತಿನಂತೆ ರಾಜ್ಯ ಒಡೆಯರ್ ಕೈಗೆ ಬಂತು. ತೋಟ ತೋಟವಾಗೇ ಉಳೀತು.

ಸರಿ, ಅದರ ಮರುವರ್ಷ, 1882. ಕೆರೆಯ ಸರದಿ.

ಸ್ಯಾಂಕಿ ಕೆರೆಗೆ ಆ ಹೆಸರು ಬಂದಿದ್ದು ಕರ್ನಲ್ ರಿಚರ್ಡ್ ಸ್ಯಾಂಕಿ ಅನ್ನೋ ಎಂಜಿನಿಯರಿಂದ. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದವರು. ಈಗ ಹೈಕೋರ್ಟ್ ಇರೋ ಕೆಂಪು ಕಟ್ಟಡ, ಅಠಾರಾ ಕಚೇರಿ, ಅದರ ಹಿಂದೆಯೂ ಇವರ ಕೈ ಇದೆ. ಇಷ್ಟು ವಿಷಯ ಎಲ್ಲ ಕಡೆ ಸಿಗುತ್ತೆ. ಆದ್ರೆ ಈ ಕೆರೆಗೆ ನಮ್ಮವರು ಇಟ್ಟ ಹೆಸರು ಬೇರೆ ಇತ್ತು: ಗಂಧದಕೋಠಿ ಕೆರೆ. ಹತ್ತಿರದಲ್ಲೇ ಸರ್ಕಾರದ ಶ್ರೀಗಂಧದ ಉಗ್ರಾಣ ಇತ್ತು, ಅದಕ್ಕೆ. ಮಲ್ಲೇಶ್ವರ 18ನೇ ಕ್ರಾಸಲ್ಲಿ ಅರಣ್ಯ ಭವನ ಇದೆಯಲ್ಲ, ಆ ಇಲಾಖೆಗೂ ಈ ಜಾಗಕ್ಕೂ ಇರೋ ನಂಟು ಇವತ್ತಿನದ್ದಲ್ಲ.

ಕೆರೆ ಯಾಕೆ ಬೇಕಾಯ್ತು ಅಂತ ಕೇಳಿದ್ರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1876ರಿಂದ 78ರವರೆಗೆ ದಕ್ಷಿಣ ಭಾರತವನ್ನ ಒಂದು ಭೀಕರ ಬರ ಹಿಂಡಿಹಾಕಿತ್ತು. ಮೈಸೂರು ಸಂಸ್ಥಾನದಲ್ಲಿ ಊರೂರೇ ಬರಿದಾದ ಕಾಲ. ಅದಾಗಿ ನಾಲ್ಕೇ ವರ್ಷಕ್ಕೆ ಈ ಕೆರೆ. ಬೆಂಗಳೂರಿಗೆ ಆಗ ನದಿ ನೀರು ಇಲ್ಲ, ಪೈಪೂ ಇಲ್ಲ. ಹೆಸರಘಟ್ಟದಿಂದ ಪೈಪಲ್ಲಿ ನೀರು ಬಂದಿದ್ದು 1890ರ ದಶಕದಲ್ಲಿ. ಅಲ್ಲಿವರೆಗೆ ಊರು ಬದುಕಿದ್ದೇ ಕೆರೆ ಮತ್ತು ಬಾವಿಗಳ ಮೇಲೆ. ಒಂದು ಕೆರೆ ಒಣಗಿದ್ರೆ ಇನ್ನೊಂದು ಕೈ ಹಿಡೀಲಿ ಅಂತ ಸ್ಯಾಂಕಿ ಕೆರೆಯನ್ನ ಮಿಲ್ಲರ್ಸ್ ಕೆರೆಗೂ ಧರ್ಮಾಂಬುಧಿ ಕೆರೆಗೂ ಜೋಡಿಸಿದ್ರು.

ಧರ್ಮಾಂಬುಧಿ ಎಲ್ಲಿದೆ ಅಂತ ಹುಡುಕಬೇಡಿ. ನೀವು ಊರಿಂದ ಬಂದು ಮೆಜೆಸ್ಟಿಕ್ಕಲ್ಲಿ ಬಸ್ ಇಳೀತೀರಲ್ಲ, ಅಲ್ಲೇ. ಬಸ್ ಸ್ಟ್ಯಾಂಡ್ ನಿಂತಿರೋದೇ ಆ ಕೆರೆಯ ಅಂಗಳದಲ್ಲಿ. ಮಿಲ್ಲರ್ಸ್ ಕೆರೆಯೂ ಕಟ್ಟಡಗಳ ಅಡಿಗೆ ಹೋಯ್ತು, ರಸ್ತೆಗೆ ಹೆಸರು ಮಾತ್ರ ಉಳೀತು. ಒಂದಕ್ಕೊಂದು ಕೈ ಹಿಡ್ಕೊಂಡಿದ್ದ ಮೂರು ಕೆರೆಗಳಲ್ಲಿ ಎರಡು ಹೋದ್ವು. ಉಳಿದಿದ್ದು ಇದೊಂದು. ಸುಮಾರು 37 ಎಕರೆ.

ಈಗ ನಮ್ಮ ಸದಾಶಿವರ ಹತ್ತಿರ ಬರೋಣ. ಅದಕ್ಕೆ ಬೆಂಗಳೂರು ಬಿಟ್ಟು ಮಂಗಳೂರಿಗೆ ಹೋಗಬೇಕು.

ಕಾರ್ನಾಡ್ ಸದಾಶಿವರಾವ್. ಕಾರ್ನಾಡ್ ಅಂದ ತಕ್ಷಣ ನಮಗೆ ನೆನಪಾಗೋದು ಗಿರೀಶ್ ಕಾರ್ನಾಡ್. ಆದ್ರೆ ಇವರು ಅದಕ್ಕೂ ಒಂದೆರಡು ತಲೆಮಾರು ಹಿಂದಿನವರು. ಕಾರ್ನಾಡು ಅನ್ನೋದು ಮೂಲ್ಕಿ ಹತ್ತಿರದ ಊರು. 1881ರಲ್ಲಿ, ಅಂದ್ರೆ ಇಲ್ಲಿ ಒಡೆಯರಿಗೆ ರಾಜ್ಯ ವಾಪಸ್ ಬಂದ ಅದೇ ವರ್ಷ, ಅಲ್ಲಿ ಸದಾಶಿವರಾವ್ ಹುಟ್ಟಿದ್ರು. ತಂದೆ ವಕೀಲರು, ಮನೆತನ ಸ್ಥಿತಿವಂತ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಲ್ಲಿ ಓದು, ಬೊಂಬಾಯಿಯಲ್ಲಿ ಕಾನೂನು, ವಾಪಸ್ ಬಂದು ಮಂಗಳೂರಲ್ಲಿ ವಕೀಲಿ. ಆ ಕಾಲಕ್ಕೆ ಇದಕ್ಕಿಂತ ಭದ್ರವಾದ ಬದುಕು ಬೇರೆ ಇರಲಿಲ್ಲ.

ಆದ್ರೆ ಆ ಭದ್ರತೆಯಲ್ಲಿ ಅವರು ಕೂರಲಿಲ್ಲ. 1911ರಲ್ಲಿ ಮಂಗಳೂರಲ್ಲಿ ಮಹಿಳಾ ಸಭಾ ಕಟ್ಟಿದ್ರು. ಗಂಡ ಸತ್ತ ಹೆಣ್ಣುಮಕ್ಕಳು, ಕೈಯಲ್ಲಿ ಕಾಸಿಲ್ಲದ ಹೆಣ್ಣುಮಕ್ಕಳು ಒಂದು ಕೆಲಸ ಕಲಿತು ತಮ್ಮ ಕಾಲ ಮೇಲೆ ನಿಲ್ಲಬೇಕು ಅನ್ನೋದು ಉದ್ದೇಶ. ವಿಧವೆ ಅಂದ್ರೆ ಮನೆಯ ಕತ್ತಲೆ ಕೋಣೆಯಲ್ಲೇ ಇರಬೇಕು ಅಂತಿದ್ದ ಕಾಲದಲ್ಲಿ ಈ ಕೆಲಸ. ಊರು ಏನಂದಿರಬಹುದು ಅಂತ ನೀವೇ ಊಹಿಸಿ.

ಆಮೇಲೆ ಗಾಂಧಿ ಬಂದ್ರು. ಗಾಂಧೀಜಿಯ ಸತ್ಯಾಗ್ರಹದ ಪ್ರತಿಜ್ಞೆಗೆ ಕರ್ನಾಟಕದಿಂದ ಮೊದಲು ಸಹಿ ಹಾಕಿದವರು ಅಂತ ಸದಾಶಿವರಾವ್ ಅವರನ್ನ ಗುರುತಿಸ್ತಾರೆ. 1920ರ ಆಗಸ್ಟಲ್ಲಿ ಗಾಂಧೀಜಿ ಮೊದಲ ಸಲ ಮಂಗಳೂರಿಗೆ ಬಂದ್ರು. ಅಸಹಕಾರ ಅಂದ್ರೆ ಬ್ರಿಟಿಷ್ ಕೋರ್ಟು ಬಿಡಬೇಕು, ಬ್ರಿಟಿಷ್ ಸ್ಕೂಲು ಬಿಡಬೇಕು. ವಕೀಲರಿಗೆ ಕೋರ್ಟ್ ಬಿಡೋದು ಅಂದ್ರೆ ಸಂಬಳ ಬಿಟ್ಟ ಹಾಗೆ. ಸ್ಕೂಲು ಬಿಟ್ಟ ಮಕ್ಕಳಿಗೆ ಬೇರೆ ಸ್ಕೂಲು ಬೇಕಲ್ಲ, ಅದಕ್ಕೆ ತಿಲಕ್ ವಿದ್ಯಾಲಯ. ಚಳವಳಿಗೆ ಬಂದವರಿಗೆ ಊಟ ಬೇಕಲ್ಲ, ಖಾದಿ ಕೆಲಸಕ್ಕೆ ಬಂಡವಾಳ ಬೇಕಲ್ಲ. ದುಡ್ಡು ಎಲ್ಲಿಂದ? ಮನೆಯಿಂದ. ಆಸ್ತಿ ಕರಗ್ತಾ ಹೋಯ್ತು. 1930ರಲ್ಲಿ ಉಪ್ಪಿನ ಸತ್ಯಾಗ್ರಹ, ಜೈಲು. ಈ ನಡುವೆ ಮನೆಯಲ್ಲೂ ಸಾವು ನೋವು.

1936ರ ಡಿಸೆಂಬರಲ್ಲಿ ಮಹಾರಾಷ್ಟ್ರದ ಫೈಜ್‌ಪುರದಲ್ಲಿ ಕಾಂಗ್ರೆಸ್ ಅಧಿವೇಶನ ಆಯ್ತು. ಹಳ್ಳಿಯಲ್ಲಿ ನಡೆದ ಮೊದಲ ಅಧಿವೇಶನ ಅದು. ಸದಾಶಿವರಾವ್ ಅಲ್ಲಿಗೆ ಹೋದ್ರು, ಕಾಯಿಲೆ ಬಿದ್ರು. 1937ರ ಜನವರಿ 9, ಬೊಂಬಾಯಿಯಲ್ಲಿ ತೀರಿಕೊಂಡ್ರು. ವಯಸ್ಸು 60 ಕೂಡ ಆಗಿರಲಿಲ್ಲ. ಸ್ವಾತಂತ್ರ್ಯಕ್ಕೆ ಇನ್ನೂ ಹತ್ತು ವರ್ಷ ಇತ್ತು. ಅಂದ್ರೆ ಕೊಟ್ಟಿದ್ದಕ್ಕೆ ಏನು ಬಂತು ಅಂತ ನೋಡೋ ಭಾಗ್ಯವೂ ಅವರಿಗೆ ಇರಲಿಲ್ಲ. ಮಂತ್ರಿ ಆಗಲಿಲ್ಲ, ತಾಮ್ರಪತ್ರ ಸಿಗಲಿಲ್ಲ, ಪಿಂಚಣಿ ಬರಲಿಲ್ಲ.

ಶಿವರಾಮ ಕಾರಂತರು ಇವರನ್ನ ಹತ್ತಿರದಿಂದ ಬಲ್ಲವರು. ಇವರ ಬದುಕಿನಿಂದಲೇ ಹುಟ್ಟಿದ ಕಾದಂಬರಿ 'ಔದಾರ್ಯದ ಉರುಳಲ್ಲಿ'. ಹೆಸರು ಗಮನಿಸಿ. ಔದಾರ್ಯ ಅನ್ನೋದು ಒಳ್ಳೇ ಗುಣ ತಾನೇ? ಕಾರಂತರು ಅದನ್ನ ಉರುಳು ಅಂದ್ರು. ಕೊಡೋ ಮನುಷ್ಯನ ಕೊರಳಿಗೆ ಆ ಕೊಡುಗೆಯೇ ಹೇಗೆ ಸುತ್ತಿಕೊಳ್ಳುತ್ತೆ, ತಗೊಂಡವರು ಆಮೇಲೆ ಎಲ್ಲಿರ್ತಾರೆ ಅನ್ನೋ ಪ್ರಶ್ನೆ ಆ ಒಂದು ಪದದಲ್ಲೇ ಇದೆ.

ಮಂಗಳೂರಿನ ಕೇಳುಗರಿಗೆ ಇವರ ಹೆಸರು ದಿನಾ ಬಾಯಿಗೆ ಬರುತ್ತೆ, ಗೊತ್ತಿಲ್ಲದೇನೇ. ಹಂಪನಕಟ್ಟೆಯ ಕೆ.ಎಸ್. ರಾವ್ ರೋಡ್. ಕೆ ಅಂದ್ರೆ ಕಾರ್ನಾಡ್, ಎಸ್ ಅಂದ್ರೆ ಸದಾಶಿವ. ಬಟ್ಟೆ ತಗೊಳ್ಳೋಕೆ, ಸಿನಿಮಾ ನೋಡೋಕೆ ಹೋಗೋ ರೋಡು. ಹೆಸರು ಇನಿಷಿಯಲ್ ಆಯ್ತು, ಮನುಷ್ಯ ಅದರ ಹಿಂದೆ ಮರೆಯಾದ್ರು.

ಈಗ ನೀವು ಕೇಳಬಹುದು: ಮಂಗಳೂರಿನವರ ಹೆಸರು ಬೆಂಗಳೂರಿನ ಅರಮನೆ ತೋಟಕ್ಕೆ ಯಾಕೆ? ಒಳ್ಳೇ ಪ್ರಶ್ನೆ. ಸದಾಶಿವರಾವ್ ಬದುಕಿದ್ದಾಗ ಈ ಎರಡು ಊರು ಒಂದೇ ರಾಜ್ಯದಲ್ಲಿ ಇರಲಿಲ್ಲ. ಮಂಗಳೂರು ಬ್ರಿಟಿಷರ ಮದ್ರಾಸ್ ಪ್ರಾಂತ್ಯದ್ದು. ಬೆಂಗಳೂರು ಮಹಾರಾಜರ ಮೈಸೂರು ಸಂಸ್ಥಾನದ್ದು. ಹುಬ್ಬಳ್ಳಿ ಬೊಂಬಾಯಿ ಪ್ರಾಂತ್ಯ, ಕಲಬುರಗಿ ನಿಜಾಮರ ಹೈದರಾಬಾದ್. ಕನ್ನಡ ಮಾತಾಡೋರೆಲ್ಲ ಒಂದೇ ರಾಜ್ಯಕ್ಕೆ ಬಂದಿದ್ದು 1956ರ ನವೆಂಬರ್ 1ಕ್ಕೆ. ಆದ್ದರಿಂದ ಮಹಾರಾಜರ ತೋಟ ಇದ್ದ ಜಾಗಕ್ಕೆ, ಆ ಸಂಸ್ಥಾನದ ಪ್ರಜೆಯೂ ಅಲ್ಲದ ಕರಾವಳಿಯ ಒಬ್ಬ ಸತ್ಯಾಗ್ರಹಿಯ ಹೆಸರು ಬಂದಿದೆ ಅಂದ್ರೆ, ಅದನ್ನ ಏಕೀಕರಣದ ಒಂದು ಗುರುತು ಅಂತ ಓದಬಹುದು. ರಾಜಧಾನಿ ನಿಮ್ಮದೂ ಹೌದು ಅಂತ ಕರಾವಳಿಗೆ ಹೇಳಿದ ಹಾಗೆ.

ಸುತ್ತಮುತ್ತಲ ಹೆಸರುಗಳನ್ನೂ ಸ್ವಲ್ಪ ನೋಡಿ. ಕೆರೆ ಪಕ್ಕದ ಭಾಷ್ಯಂ ಸರ್ಕಲ್. ಕೆ.ಟಿ. ಭಾಷ್ಯಂ ವಕೀಲರು, ಮೈಸೂರು ಕಾಂಗ್ರೆಸ್ ನಾಯಕರು. 1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದ್ರೂ ಮೈಸೂರಲ್ಲಿ ಜನರ ಸರ್ಕಾರ ಬಂದಿರಲಿಲ್ಲ. ಅದಕ್ಕೇ 'ಮೈಸೂರು ಚಲೋ' ಚಳವಳಿ ಆಯ್ತು, ಕೆ.ಸಿ. ರೆಡ್ಡಿ ಸರ್ಕಾರ ಬಂತು, ಭಾಷ್ಯಂ ಅದರಲ್ಲಿ ಮಂತ್ರಿ ಆದ್ರು. ಮೇಖ್ರಿ ಸರ್ಕಲ್ಲಿಗೆ ಹೆಸರು ಕೊಟ್ಟ ಇನಾಯತುಲ್ಲಾ ಮೇಖ್ರಿ ಅವರೂ ಸ್ವಾತಂತ್ರ್ಯ ಹೋರಾಟಗಾರರು. ಅರಮನೆಯ ಸುತ್ತ ಹೋರಾಟಗಾರರ ಹೆಸರುಗಳದ್ದೇ ಒಂದು ಬೇಲಿ. ದಿನಾ ಟ್ರಾಫಿಕ್ಕಲ್ಲಿ ಸಿಕ್ಕಿಹಾಕ್ಕೊಂಡು 'ಮೇಖ್ರಿ ಜಾಮ್' ಅಂತ ಬೈತೀವಲ್ಲ, ಅವರು ಒಬ್ಬ ಮನುಷ್ಯ ಅನ್ನೋದೂ ನಮಗೆ ಮರೆತುಹೋಗಿರುತ್ತೆ.

ಇದೇ ಬಡಾವಣೆಯ ಇನ್ನೊಂದು ವಿಳಾಸ: ಸಿ.ವಿ. ರಾಮನ್ ಅವೆನ್ಯೂ, ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟ್. ವಿಜ್ಞಾನದಲ್ಲಿ ನೊಬೆಲ್ ಪಡೆದ ಮೊದಲ ಏಷ್ಯನ್ ಸಿ.ವಿ. ರಾಮನ್. ಟಾಟಾ ಇನ್‌ಸ್ಟಿಟ್ಯೂಟಿಂದ ನಿವೃತ್ತಿ ಆದ ಮೇಲೆ 1948ರಲ್ಲಿ ಇದನ್ನ ಶುರು ಮಾಡಿದ್ರು. ಜಾಗ ಮೈಸೂರು ಸರ್ಕಾರ 1934ರಲ್ಲಿ ವಿಜ್ಞಾನ ಅಕಾಡೆಮಿಗೆ ಕೊಟ್ಟಿದ್ದು. ಕಟ್ಟೋಕೆ ದುಡ್ಡು ರಾಮನ್ ಅವರೇ ಓಡಾಡಿ ದೇಣಿಗೆ ಎತ್ತಿ ತಂದದ್ದು, ಜೊತೆಗೆ ತಮ್ಮದೂ ಸೇರಿಸಿದ್ದು. ಸರ್ಕಾರದ ಹಂಗಿಲ್ಲದೆ ಕೆಲಸ ಮಾಡಬೇಕು ಅನ್ನೋದು ಅವರ ಹಠ. ಕಲ್ಲು, ಹರಳು, ಚಿಟ್ಟೆ, ಹೂವಿನ ಬಣ್ಣ, ಇಂಥದ್ದರ ಬೆನ್ನು ಹತ್ತಿ ಕೊನೇವರೆಗೂ ಅಲ್ಲೇ ಇದ್ರು. 1970ರ ನವೆಂಬರ್ 21ಕ್ಕೆ ತೀರಿಕೊಂಡಾಗ ಅವರ ಇಷ್ಟದಂತೆ ಅದೇ ತೋಟದಲ್ಲಿ ಸಂಸ್ಕಾರ ಆಯ್ತು. ಅಲ್ಲಿ ಗೋಪುರ ಇಲ್ಲ, ಪ್ರತಿಮೆ ಇಲ್ಲ, ಒಂದು ಮರ ಇದೆ. ತಮ್ಮ ಆಸ್ತಿಯನ್ನ ಸಂಸ್ಥೆಗಾಗಿಯೇ ಬಿಟ್ಟುಹೋಗಿದ್ರು.

ಇನ್ನು ಸಿನಿಮಾ. ಸದಾಶಿವನಗರ ಅಂದ್ರೆ ಕನ್ನಡಿಗರ ಮನಸ್ಸಿಗೆ ಬರೋ ದೊಡ್ಡ ಹೆಸರು ಯಾವುದು ಅಂತ ಬೇರೆ ಹೇಳಬೇಕಾ? ಡಾಕ್ಟರ್ ರಾಜ್‌ಕುಮಾರ್. ಗಾಜನೂರಿನ ಮುತ್ತುರಾಜ, ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದ ಹುಡುಗ. ಕನ್ನಡ ಸಿನಿಮಾ ಮದ್ರಾಸಲ್ಲೇ ತಯಾರಾಗ್ತಿದ್ದ ಕಾಲದಲ್ಲಿ ಅಲ್ಲೇ ವರ್ಷಗಟ್ಟಲೆ ಇದ್ದು, ಆಮೇಲೆ ಬೆಂಗಳೂರಿಗೆ ಬಂದು ಈ ಬಡಾವಣೆಯಲ್ಲಿ ಮನೆ ಮಾಡಿದವರು. 2006ರ ಏಪ್ರಿಲ್ 12ಕ್ಕೆ ಇದೇ ಮನೆಯಲ್ಲಿ ತೀರಿಕೊಂಡ್ರು. ಊರಿಗೆ ಊರೇ ಆ ಮನೆ ಕಡೆ ತಿರುಗಿತ್ತು. ಹದಿನೈದು ವರ್ಷ ಆದ್ಮೇಲೆ, 2021ರ ಅಕ್ಟೋಬರ್ 29. ಪುನೀತ್. ಅವತ್ತು ನೀವು ಎಲ್ಲಿದ್ರಿ ಅಂತ ನಿಮಗೆ ನೆನಪಿದ್ದೇ ಇರುತ್ತೆ, ನಾನು ಹೇಳೋದು ಬೇಡ.

ಅಪ್ಪ ಮಗ ಇಬ್ಬರ ವಿಷಯದಲ್ಲೂ ಒಂದೇ ಒಂದು ಮಾತು ಹೇಳ್ತೀನಿ. ಇಬ್ಬರೂ ಕಣ್ಣು ದಾನ ಮಾಡಿದ್ರು. ಆ ಮನೆಗಳ ಬೆಲೆ ಎಷ್ಟು, ಕಾರು ಯಾವುದು ಅಂತ ಯಾರೂ ನೆನಪಿಟ್ಕೊಂಡಿಲ್ಲ. ಹಳ್ಳಿಯ ಅಜ್ಜಿಯನ್ನ ಕೇಳಿ ನೋಡಿ, ಕಣ್ಣು ಕೊಟ್ಟಿದ್ದು ನೆನಪಿರುತ್ತೆ. ಅಪ್ಪು ಹೋದ ಮೇಲೆ ಕಣ್ಣು ದಾನ ಮಾಡ್ತೀವಿ ಅಂತ ಹೆಸರು ಬರೆಸೋಕೆ ಹೋದ ಎಷ್ಟೋ ಹುಡುಗರು ಈ ಬಡಾವಣೆಯಲ್ಲಿ ಒಂದು ಅಡಿ ಜಾಗ ಇಲ್ಲದವರು.

ಸರಿ, ಈಗ ದುಡ್ಡಿನ ವಿಷಯ ಮಾತಾಡೋಣ. ಮಾತಾಡದೆ ಇರೋಕಾಗಲ್ಲ.

ಬಳ್ಳಾರಿ ರಸ್ತೆಯಾಚೆಗಿನ ಅರಮನೆ ಮೈದಾನ ಒಟ್ಟು 450 ಎಕರೆಗೂ ಹೆಚ್ಚು. ಅದನ್ನ ಸ್ವಾಧೀನ ಮಾಡ್ಕೊಳ್ಳೋಕೆ ಸರ್ಕಾರ 1996ರಲ್ಲಿ ಕಾಯ್ದೆ ತಂತು, ರಾಜಮನೆತನ ಕೋರ್ಟಿಗೆ ಹೋಯ್ತು. ಇತ್ತೀಚೆಗೆ ಇದು ಮತ್ತೆ ಸುದ್ದಿಯಾಗಿದ್ದು ಯಾಕೆ ಗೊತ್ತಾ? ಬಳ್ಳಾರಿ ರಸ್ತೆ, ಜಯಮಹಲ್ ರಸ್ತೆ ಅಗಲ ಮಾಡೋಕೆ ಆ ಮೈದಾನದ 15 ಎಕರೆಗೂ ಸ್ವಲ್ಪ ಹೆಚ್ಚು ಜಾಗ ಬೇಕಿತ್ತು. ಅದಕ್ಕೆ ಕೊಡಬೇಕಾದ ಅಭಿವೃದ್ಧಿ ಹಕ್ಕುಗಳ ಮೌಲ್ಯ 3,000 ಕೋಟಿ ರೂಪಾಯಿ ದಾಟುತ್ತೆ ಅಂತ ಲೆಕ್ಕ ಬಂತು. ರಸ್ತೆ ಅಂಚಿನ ಪಟ್ಟಿಗೆ ಮೂರು ಸಾವಿರ ಕೋಟಿ. 2025ರ ಶುರುವಿನಲ್ಲಿ ಸರ್ಕಾರ ಸುಗ್ರೀವಾಜ್ಞೆ ತರೋ ಮಟ್ಟಕ್ಕೆ ಹೋಯ್ತು. 1873ರಲ್ಲಿ ಅರಮನೆ ಕೊಂಡ ರೇಟ್ ನೆನಪಿದೆಯಾ? 40 ಸಾವಿರ. ಆ ಕಾಲದ ರೂಪಾಯಿ ಬೇರೆ, ಈ ಕಾಲದ್ದು ಬೇರೆ, ಒಪ್ಪಿದೆ. ಆದ್ರೂ ಕೇಳಿದವರ ತಲೆ ಒಂದು ಸುತ್ತು ತಿರುಗುತ್ತೆ.

ಅಂದ್ರೆ ನಾನು, ನೀವು, ಇಪ್ಪತ್ತು ಇಪ್ಪತ್ತೈದು ಸಾವಿರಕ್ಕೆ ಕೆಲಸ ಶುರು ಮಾಡೋ ನಮ್ಮ ತಲೆಮಾರು, ಇಲ್ಲಿ ಸೈಟ್ ತಗೊಳ್ಳೋ ಮಾತು ಕನಸಲ್ಲೂ ಇಲ್ಲ. ಬಾಡಿಗೆಗೂ ಕಷ್ಟ. ಹಾಗಾದ್ರೆ ಈ ಏರಿಯಾ ಕಥೆ ನಮಗೆ ಯಾಕೆ?

ಯಾಕೆ ಅಂದ್ರೆ ಇಲ್ಲಿರೋದೆಲ್ಲ ಕಾಂಪೌಂಡಿನ ಒಳಗಿಲ್ಲ. ಕೆರೆ ಹೊರಗಿದೆ. ರಸ್ತೆ ಹೊರಗಿದೆ. ಮರ ಹೊರಗಿದೆ. ಬೆಳಗಾದ್ರೆ ಸ್ಯಾಂಕಿ ಕೆರೆ ಸುತ್ತ ನಡೆಯೋರನ್ನ ನೋಡಿ. ಮಲ್ಲೇಶ್ವರದ ರಿಟೈರ್ಡ್ ಮೇಷ್ಟ್ರು, ವೈಯಾಲಿಕಾವಲ್‌ನ ಪಿಜಿ ಹುಡುಗೀರು, ಗುಟ್ಟಹಳ್ಳಿಯಿಂದ ಬರೋ ಅಂಗಡಿಯವರು, ಎಲ್ಲರಿಗೂ ಅದೇ ದಾರಿ, ಅದೇ ಗಾಳಿ. ಗಣೇಶ ಹಬ್ಬದಲ್ಲಿ ವಿಸರ್ಜನೆಗೆ ಅಲ್ಲಿ ಬೇರೆ ಕಲ್ಯಾಣಿಯೇ ಇದೆ. ಎಲ್ಲೆಲ್ಲಿಂದಲೋ ಆಟೋದಲ್ಲಿ ಗಣಪನ್ನ ತರ್ತಾರೆ. ಅವತ್ತು ಸದಾಶಿವನಗರದ ಬೀದಿಗಳಲ್ಲಿ ತಮಟೆ.

ಈ ಹೊರಗಿರೋ ಭಾಗ ತನ್ನಷ್ಟಕ್ಕೆ ತಾನು ಉಳಿದಿಲ್ಲ. 2023ರ ಶುರುವಿನಲ್ಲಿ ಸ್ಯಾಂಕಿ ರಸ್ತೆಯಲ್ಲಿ ಏನಾಯ್ತು ಅಂತ ನೆನಪಿದೆಯಾ? ಭಾಷ್ಯಂ ಸರ್ಕಲ್ಲಿಂದ ಮಲ್ಲೇಶ್ವರ 18ನೇ ಕ್ರಾಸ್ ಕಡೆಗೆ ಮೇಲ್ಸೇತುವೆ ಕಟ್ಟೋ ಯೋಜನೆ ಬಂತು. ಕೆರೆ ಏರಿ ಪಕ್ಕದ ರಸ್ತೆ ಅದು, ಎರಡೂ ಕಡೆ ಹಳೇ ಮರಗಳು. ಮರ ಕಡೀಬೇಡಿ ಅಂತ ಹಿರಿಯರು, ಕಾಲೇಜು ಹುಡುಗರು, ಮಕ್ಕಳು ಮೌನವಾಗಿ ನಡೆದ್ರು. ಹಾಗೆ ನಡೆದವರ ಮೇಲೆ ಕೇಸೂ ಬಿತ್ತು. ಆದ್ರೂ ಬಿಡಲಿಲ್ಲ. ಮೇಲ್ಸೇತುವೆ ಮೇಲೇಳಲಿಲ್ಲ.

ಅದಾದ ಮರುವರ್ಷ, 2024ರ ಮಾರ್ಚ್. ಬೆಂಗಳೂರಿಗೆ ನೀರಿಲ್ಲ. ಟ್ಯಾಂಕರ್ ರೇಟು ಆಕಾಶಕ್ಕೆ. ಆಗ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಒಂದು ಮಾತು ಹೇಳಿದ್ರು: ಸದಾಶಿವನಗರದ ನಮ್ಮ ಮನೆ ಬೋರ್‌ವೆಲ್ ಕೂಡ ಒಣಗಿದೆ ಅಂತ. ಪಕ್ಕದಲ್ಲೇ ಸ್ಯಾಂಕಿ ಕೆರೆ ಇರೋ ಏರಿಯಾ. ಬೆಂಗಳೂರಿನ ಉಸ್ತುವಾರಿ ಆಗ ಅವರದ್ದೇ ಆಗಿತ್ತು. ಅದು ಜೋಕ್ ಮಾಡೋ ವಿಷಯ ಅಲ್ಲ. ಯೋಚನೆ ಮಾಡೋ ವಿಷಯ. ಭೂಮಿಯ ಮೇಲೆ ಕಾಂಪೌಂಡ್ ಹಾಕಬಹುದು, ಭೂಮಿಯ ಕೆಳಗೆ ಹಾಕೋಕಾಗಲ್ಲ. ಅಂತರ್ಜಲಕ್ಕೆ ಪಿನ್ ಕೋಡ್ ಗೊತ್ತಿಲ್ಲ. ಗುಟ್ಟಹಳ್ಳಿಯ ಕೊಡ ಖಾಲಿ ಆಗೋ ದಿನ ಸದಾಶಿವನಗರದ ಸಂಪೂ ಖಾಲಿ ಆಗುತ್ತೆ, ಒಂದೆರಡು ದಿನ ಹಿಂದೆ ಮುಂದೆ ಅಷ್ಟೇ.

1882ರಲ್ಲಿ ಕೆರೆ ಕಟ್ಟಿದವರಿಗೆ ಈ ವಿಷಯ ಗೊತ್ತಿತ್ತು. ಬರ ಕಣ್ಣಾರೆ ನೋಡಿದ್ರು. ಅದಕ್ಕೇ ಒಂದು ಕೆರೆಗೆ ಇನ್ನೊಂದನ್ನ ಜೋಡಿಸಿದ್ರು. ನಾವು ಆ ಜೋಡಣೆ ಕಿತ್ತು ಬಸ್ ಸ್ಟ್ಯಾಂಡ್ ಮಾಡಿದ್ವಿ. ಬಸ್ ಸ್ಟ್ಯಾಂಡೂ ಬೇಕು, ಇಲ್ಲ ಅನ್ನಲ್ಲ. ಆದ್ರೆ ಉಳಿದಿರೋ ಒಂದು ಕೆರೆಯಾದ್ರೂ ಎಲ್ಲರದ್ದಾಗಿ ಉಳೀಬೇಕು ಅಂದ್ರೆ, ಅದು ನಮ್ಮದು ಅಂತ ಅನ್ನೋರು ಬೇಕು. ಹಾಗನ್ನೋಕೆ ಅಲ್ಲಿ ಸೈಟ್ ಇರಬೇಕು ಅಂತ ರೂಲ್ ಇಲ್ಲ.

ಈಗ ಇದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ. ನೂರೈವತ್ತು ವರ್ಷದಲ್ಲಿ ಈ ನೆಲದ ಮೇಲೆ ಎಷ್ಟು ಶ್ರೀಮಂತರು ಬಾಳಿ ಹೋಗಿರಬಹುದು? ಎಷ್ಟು ಅಧಿಕಾರ, ಎಷ್ಟು ಕಾರು, ಎಷ್ಟು ಗೃಹಪ್ರವೇಶ? ಅದರಲ್ಲಿ ನಮ್ಮ ನೆನಪಲ್ಲಿ ಉಳಿದಿದ್ದು ಏನು? ಬರ ಕಂಡ ಊರಿಗೆ ಕಟ್ಟಿಕೊಟ್ಟ ಒಂದು ಕೆರೆ. ದೇಣಿಗೆ ಎತ್ತಿ ಕಟ್ಟಿ, ಬಿಟ್ಟುಹೋದ ಒಂದು ಸಂಸ್ಥೆ. ದಾನ ಮಾಡಿದ ಕಣ್ಣು. ಮತ್ತೆ, ಮನೆಮಠ ಎಲ್ಲ ಕೊಟ್ಟು ಬರಿಗೈಯಲ್ಲಿ ಹೋದ ಒಬ್ಬರ ಹೆಸರು. ಇಲ್ಲಿ ಕೂಡಿಟ್ಟಿದ್ದು ಕೂಡಿಟ್ಟವರ ವಾರಸುದಾರರಿಗೆ ಹೋಯ್ತು. ಕೊಟ್ಟಿದ್ದು ಮಾತ್ರ ನಮ್ಮ ಪಾಲಿಗೆ ಬಂತು.

ಎಲ್ಲರೂ ಸದಾಶಿವರಾವ್ ಆಗಿ ಅಂತ ನಾನು ಹೇಳ್ತಿಲ್ಲ. ಇಎಂಐ ಇರುತ್ತೆ, ಊರಿಗೆ ದುಡ್ಡು ಕಳಿಸೋದಿರುತ್ತೆ, ತಂಗಿ ಫೀಸ್ ಇರುತ್ತೆ. ಕಾರಂತರೇ ಅದನ್ನ ಉರುಳು ಅಂದಿದ್ದಾರೆ, ನೆನಪಿರಲಿ. ಕೊಟ್ಟವರನ್ನ ಒಬ್ಬಂಟಿ ಮಾಡಿ, ಸತ್ತ ಮೇಲೆ ಬೋರ್ಡ್ ಹಾಕೋದು ಸುಲಭ. ನಾವು ಮಾಡಬಹುದಾದ್ದು ಚಿಕ್ಕದು: ಬೋರ್ಡನ್ನ ಓದೋದು. ಮುಂದಿನ ಸಲ ಟಿವಿಯಲ್ಲಿ 'ಸದಾಶಿವನಗರದ ನಿವಾಸದಲ್ಲಿ' ಅಂತ ಬಂದಾಗ, ಆ ಹೆಸರಿನ ಮನುಷ್ಯನಿಗೆ ಕೊನೆಗೆ ನಿವಾಸವೇ ಉಳಿದಿರಲಿಲ್ಲ ಅನ್ನೋದು ಒಂದು ಸೆಕೆಂಡ್ ನೆನಪಾದ್ರೆ ಸಾಕು. ಆ ನಿವಾಸದ ಮುಂದೆ ಮೈಕ್ ಹಿಡಿದು ಮಾತಾಡೋರಿಗೂ ನೆನಪಾದ್ರೆ ಇನ್ನೂ ಒಳ್ಳೇದು.

ಕೊನೆಗೆ ನಿಮಗೊಂದು ಕೆಲಸ. ನೀವಿರೋ ಬಡಾವಣೆ, ನಿಮ್ಮ ಬಸ್ ಸ್ಟಾಪ್, ನಿಮ್ಮ ಸರ್ಕಲ್, ಅದರ ಹೆಸರು ಯಾರದ್ದು? ಶೇಷಾದ್ರಿಪುರದ ಶೇಷಾದ್ರಿ ಯಾರು, ಜಯನಗರದ ಜಯ ಯಾರು? ಹುಬ್ಬಳ್ಳಿ, ದಾವಣಗೆರೆ, ಮೈಸೂರು, ಕಲಬುರಗಿ, ಎಲ್ಲೇ ಇರಿ. ಪಕ್ಕದ ಮನೆ ಹಿರಿಯರನ್ನ, ಮೂಲೆ ಅಂಗಡಿಯವರನ್ನ ಒಂದು ಸಲ ಕೇಳಿ. ಗೊತ್ತಾಗಿದ್ದನ್ನ ವಾಯ್ಸ್ ನೋಟ್ ಮಾಡಿ ಕಳಿಸಿ. ಚೆನ್ನಾಗಿರೋದನ್ನ ಮುಂದಿನ ಕಂತುಗಳಲ್ಲಿ ಎಲ್ಲರಿಗೂ ಕೇಳಿಸ್ತೀವಿ.

ಅಲ್ಲಿವರೆಗೆ, ನೀರು ಹಿಡಿದಿಡಿ, ನಲ್ಲಿ ನಿಲ್ಲಿಸಿ. ಮತ್ತೆ ಸಿಗೋಣ. ನಮಸ್ಕಾರ.